ಮನೆಯೂಟದ ಮಸೂದೆ

ಸದಾಚಾರ ಸಾಹೇಬರು ಅರ್ಧ ಮುಖದ ಗಡ್ಡ ಬೋಳಿಸಿ, ಉಳಿದರ್ಧಕ್ಕೆ ಸೋಪಿನ ನೊರೆ ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದಾಗ ಸಚಿವರ ಫೋನು ಬಂತು.

"ಯಜಮಾನ್ರೇ, ಬಾಯಿ ಸಿಹಿ ಮಾಡ್ಕೊಳ್ಳಿ. ಇವತ್ತು ನಿಮ್ಮ ಮಸೂದೆ ಪಾಸು!"

"ಯಾವ ಮಸೂದೆ?"

"ಯಾವುದು ಅಂತೀರಲ್ರೀ! ಸಂಜೆ ಏಳಕ್ಕೆ ಎಲ್ರೂ ಮನೇಲಿ ಒಟ್ಟಿಗೆ ಕೂತು ಊಟ ಮಾಡ್ಬೇಕು ಅಂತ ಬರ್ದಿದ್ದೀರಲ್ಲ, ಅದು. ಮುಖ್ಯಮಂತ್ರಿಗಳು ಓದಿ ಕಣ್ಣಲ್ಲಿ ನೀರು ಹಾಕ್ಕೊಂಡ್ರಂತೆ. ಸರ್ಕಾರಾನೇ ಬೆಂಬಲ ಕೊಡುತ್ತೆ. ಚುನಾವಣೆ ಬೇರೆ ಹತ್ರ ಬಂತಲ್ಲ."

ಸಾಹೇಬರ ಕೈಯಲ್ಲಿದ್ದ ರೇಜರು ಜಾರಿತು. ಗಲ್ಲದ ಮೇಲೆ ಕೆಂಪು ಗೆರೆಯೊಂದು ಮೂಡಿ, ಬಿಳಿ ನೊರೆಯಲ್ಲಿ ನಿಧಾನವಾಗಿ ಹರಡಿಕೊಂಡಿತು. ಎಷ್ಟೋ ವರ್ಷಗಳ ಶಾಸಕ ಜೀವನದಲ್ಲಿ ಅವರ ಮಸೂದೆಯೊಂದು ರಕ್ತ ಹರಿಸಿದ್ದು ಅದೇ ಮೊದಲು.

ಊರೆಲ್ಲ ಅವರನ್ನು ಸದಾಚಾರ ಸಾಹೇಬರೆಂದೇ ಕರೆಯುತ್ತಿತ್ತು. ಮೊದಮೊದಲು ಗೌರವದಿಂದ, ಆಮೇಲೆ ಅಭ್ಯಾಸದಿಂದ, ಈಚೀಚೆಗೆ ನಗು ತಡೆದುಕೊಂಡು. ಹಳೆಯ ಕಾಲದ ನಡತೆಯನ್ನು ಕಾನೂನಿನ ಮೂಲಕ ಮರಳಿ ತರುವುದೇ ತಮ್ಮ ಹುಟ್ಟಿನ ಉದ್ದೇಶವೆಂದು ಅವರು ನಂಬಿದ್ದರು, ಅಥವಾ ನಂಬಿದ್ದಾರೆಂದು ಜನ ನಂಬಿದ್ದರು. ಹುಡುಗರ ಕೂದಲಿನ ಉದ್ದಕ್ಕೆ ಒಂದು ಮಸೂದೆ. ಸಂಜೆಯ ಮೇಲೆ ಹಾಡು ಹಾಕಬಾರದೆಂದು ಒಂದು. ಉದ್ಯಾನದ ಬೆಂಚುಗಳ ನಡುವೆ ಎಷ್ಟು ಅಂತರವಿರಬೇಕು, ಆ ಬೆಂಚಿನ ಮೇಲೆ ಕೂರುವವರ ನಡುವೆ ಎಷ್ಟಿರಬೇಕು ಎಂದು ಒಂದು. ಇಸ್ಪೀಟಿನ ಎಲೆ ಮುಟ್ಟಿದವರಿಗೆ ಶಿಕ್ಷೆ ಕೊಡುವುದಕ್ಕೆ ಇನ್ನೊಂದು. ಜೊತೆಗೆ, ಸರ್ಕಾರ ಚಿಕ್ಕದಾಗಿರಬೇಕು, ಜನರ ಸ್ವಂತ ಬದುಕಿನಲ್ಲಿ ಮೂಗು ತೂರಿಸಬಾರದು ಎಂಬುದೂ ಅವರ ಖಡಾಖಂಡಿತ ನಿಲುವೇ. ಎರಡಕ್ಕೂ ತಾಳೆಯಾಗುವುದಿಲ್ಲವಲ್ಲ ಎಂದು ಯಾರಾದರೂ ಕೇಳಿದರೆ, "ಎರಡನ್ನೂ ನಾನು ಒಂದೇ ದಿನ ಹೇಳಲ್ಲ" ಎನ್ನುತ್ತಿದ್ದರು.

ಇಷ್ಟೆಲ್ಲ ಮಸೂದೆಗಳನ್ನು ಅವರು ಅಷ್ಟು ಧೈರ್ಯವಾಗಿ ಬರೆಯುತ್ತಿದ್ದುದಕ್ಕೆ ಕಾರಣವಿತ್ತು. ಒಂದೂ ಪಾಸಾಗುತ್ತಿರಲಿಲ್ಲ. ಸದಸ್ಯರು ಸ್ವಂತವಾಗಿ ತರುವ ಖಾಸಗಿ ಮಸೂದೆಗಳಿಗೆ ಸದನದಲ್ಲಿ ಶುಕ್ರವಾರ ಮಧ್ಯಾಹ್ನವೆಂದು ಸಮಯ ಕೊಟ್ಟಿದ್ದರು. ಅರ್ಧ ಸದನ ಊರಿಗೆ ಹೊರಟಿರುತ್ತಿತ್ತು, ಉಳಿದರ್ಧ ಊಟದ ಭಾರಕ್ಕೆ ತೂಕಡಿಸುತ್ತಿತ್ತು. ಸಾಹೇಬರು ಎದ್ದು ಮೇಜು ಗುದ್ದಿ ಭಾಷಣ ಮಾಡುತ್ತಿದ್ದರು. ಸಚಿವರು ಎದ್ದು, "ಮಾನ್ಯ ಸದಸ್ಯರ ಕಳಕಳಿ ಮೆಚ್ಚತಕ್ಕದ್ದು, ಸರ್ಕಾರ ಪರಿಶೀಲಿಸುತ್ತದೆ, ದಯವಿಟ್ಟು ಮಸೂದೆ ಹಿಂಪಡೆಯಬೇಕು" ಎನ್ನುತ್ತಿದ್ದರು. ಸಾಹೇಬರು ಭಾರವಾದ ಹೃದಯದಿಂದ ಹಿಂಪಡೆಯುತ್ತಿದ್ದರು. ಮರುದಿನ ಪತ್ರಿಕೆಯಲ್ಲಿ ಫೋಟೊ ಬರುತ್ತಿತ್ತು. ಯಾರಿಗೂ ಏನೂ ಆಗುತ್ತಿರಲಿಲ್ಲ. ಇದಕ್ಕಿಂತ ಆರೋಗ್ಯಕರವಾದ ಪ್ರಜಾಪ್ರಭುತ್ವ ಬೇರೆ ಎಲ್ಲಿದೆ?

ಈ ಊಟದ ಮಸೂದೆಯನ್ನೂ ಅವರು ಅದೇ ಧೈರ್ಯದಿಂದ ಬರೆದಿದ್ದರು. ಬರೆದಿದ್ದು ಕ್ಲಬ್ಬಿನಲ್ಲಿ, ಇಸ್ಪೀಟಿನ ಒಂದು ಆಟ ಮುಗಿದು ಇನ್ನೊಂದಕ್ಕೆ ಎಲೆ ಕಲೆಸುತ್ತಿದ್ದಾಗ. ಚಪ್ಪಾಳೆ ಗಿಟ್ಟಲಿ ಎಂದು ಕೊನೆಯಲ್ಲಿ ಒಂದು ಖಾರದ ಕಲಮು ಬೇರೆ ಸೇರಿಸಿದ್ದರು. ಮೇಲ್ಪಂಕ್ತಿ ಮೇಲಿನವರಿಂದಲೇ ಶುರುವಾಗಬೇಕು. ಕಾನೂನು ಮೊದಲು ಶಾಸಕರಿಗೆ ಅನ್ವಯವಾಗಬೇಕು. ಸಂಜೆ ಏಳರ ಮೇಲೆ ಮನೆಯ ಹೊರಗೆ ಸಿಕ್ಕಿಬಿದ್ದ ಶಾಸಕರ ಸದಸ್ಯತ್ವ ರದ್ದಾಗಬೇಕು. ಬರೆದು ಮುಗಿಸಿ, ಪೆನ್ನು ಜೇಬಿಗೆ ಸಿಕ್ಕಿಸಿ, ಎಲೆ ಎತ್ತಿಕೊಂಡಿದ್ದರು.

ಸದಾಚಾರ ಸಾಹೇಬರು ಸಂಜೆ ಏಳರಿಂದ ಒಂಬತ್ತರವರೆಗೆ ಕ್ಲಬ್ಬಿನಲ್ಲಿರುತ್ತಿದ್ದರು. ಯಾವತ್ತೋ ಒಮ್ಮೆಯಲ್ಲ, ದಿನಾ. ಅವರಿಗೆ ಬೇಕಾಗಿದ್ದುದು ಬರೀ ಇಸ್ಪೀಟಲ್ಲ. ಆ ಹಿಂಬದಿಯ ಕೋಣೆಯಲ್ಲಿ ಯಾರೂ ಅವರಿಗೆ ಕೈ ಮುಗಿಯುತ್ತಿರಲಿಲ್ಲ, ಯಾರೂ ಶಿಫಾರಸು ಕೇಳುತ್ತಿರಲಿಲ್ಲ. "ಎಲೆ ಹಾಕಪ್ಪ, ನಿದ್ದೆ ಮಾಡ್ಬೇಡ" ಎಂದು ಜೊತೆಯ ಆಟಗಾರರು ಗದರುತ್ತಿದ್ದರು. ದಿನವಿಡೀ ಸದಾಚಾರಿಯಾಗಿದ್ದು ಬೆನ್ನು ಹಿಡಿದುಕೊಂಡ ಮನುಷ್ಯನಿಗೆ ಆ ಎರಡು ಗಂಟೆ ಕಾಲು ಚಾಚುವ ಹೊತ್ತು. ಅದು ಹೋದರೆ ಉಸಿರೇ ಹೋದಂತೆ. ಅದನ್ನು ಉಳಿಸಿಕೊಂಡರೆ ಕುರ್ಚಿ ಹೋಗುತ್ತದೆ. ಇಂಥ ಇಕ್ಕಟ್ಟನ್ನು ವೈರಿಗಳು ಕೂತು ಯೋಚಿಸಿದ್ದರೂ ಕಟ್ಟಲಾಗುತ್ತಿರಲಿಲ್ಲ. ಸಾಹೇಬರು ಸ್ವಂತ ಕೈಯಲ್ಲಿ ಕಟ್ಟಿಕೊಂಡಿದ್ದರು.

ಗಲ್ಲಕ್ಕೆ ಹತ್ತಿ ಅಂಟಿಸಿಕೊಂಡು ಊಟದ ಕೋಣೆಗೆ ಬಂದಾಗ ಹೆಂಡತಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಮೂಲೆಯ ಕುರ್ಚಿಯಲ್ಲಿ ಅಮ್ಮ ಪತ್ರಿಕೆ ಓದುತ್ತಿದ್ದರು.

"ರೀ, ಯಾರ ಫೋನು? ಮುಖ ಯಾಕೆ ಹಂಗಾಗಿದೆ?"

"ನನ್ನ ಮಸೂದೆ ಪಾಸಾಗುತ್ತಂತೆ."

"ಯಾವ್ದು, ಕೂದಲಿಂದಾ?"

"ಅಲ್ಲ, ಊಟದ್ದು. ಇನ್ಮೇಲೆ ನಾನು ಏಳಕ್ಕೆಲ್ಲ ಮನೇಲಿರ್ಬೇಕು."

ಹೆಂಡತಿಯ ಕೈಯ ಚಾಕು ತಟ್ಟೆಗೆ ಬಿತ್ತು. "ದಿನಾನಾ?"

"ದಿನಾ."

"ಭಾನುವಾರಾನೂನಾ?" ಅಮ್ಮ ಪತ್ರಿಕೆ ಕೆಳಗಿಳಿಸಿದರು.

"ಭಾನುವಾರಾನೂ, ಅಮ್ಮ."

ಅಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹೆಂಡತಿ ಮಾತಿಲ್ಲದೆ ಎದ್ದು ಒಳಗೆ ಹೋದಳು. ಪಾಪ, ಈ ಮಾತು ಕೇಳಲು ಎಷ್ಟು ವರ್ಷದಿಂದ ಕಾದಿದ್ದರೋ, ಖುಷಿಗೆ ಮಾತೇ ಹೊರಡುತ್ತಿಲ್ಲ ಎಂದು ಸಾಹೇಬರು ಅಂದುಕೊಂಡರು. ತಮ್ಮ ಬಗ್ಗೆ ತಮಗೇ ನಾಚಿಕೆಯಾಯಿತು. ಆದರೂ ಆ ನಾಚಿಕೆ ಕಾರು ಹತ್ತುವವರೆಗೂ ಉಳಿಯಲಿಲ್ಲ.

ಸಚಿವರ ಕೊಠಡಿಯಲ್ಲಿ ಹಾರ ತುರಾಯಿ ಸಿದ್ಧವಾಗಿತ್ತು.

"ಬನ್ನಿ ಬನ್ನಿ, ಕುಟುಂಬ ರಕ್ಷಕರು!" ಸಚಿವರು ಎದ್ದು ತಬ್ಬಿಕೊಂಡರು.

ಸಾಹೇಬರು ಬಾಗಿಲು ಹಾಕಿ ದನಿ ತಗ್ಗಿಸಿದರು. "ಸ್ವಾಮಿ, ಒಂದು ಮಾತು. ಈ ಮಸೂದೆ ಇನ್ನೂ ಹಣ್ಣಾಗಿಲ್ಲ ಅನ್ಸುತ್ತೆ. ಯಾವತ್ತಿನ ಹಾಗೆ ನೀವು ಪರಿಶೀಲಿಸ್ತೀನಿ ಅನ್ನಿ, ನಾನು ಹಿಂಪಡೀತೀನಿ."

"ಎಂಥಾ ವಿನಯ ರೀ ನಿಮ್ದು!" ಸಚಿವರು ಹಾರವನ್ನು ಕೈಗೆತ್ತಿಕೊಂಡರು. "ಗೆಲುವು ಕೈಗೆ ಬಂದಾಗ್ಲೂ ಬೇಡ ಅಂತೀರಲ್ಲ."

"ವಿನಯ ಅಲ್ಲ ಸ್ವಾಮಿ, ನಿಜವಾಗ್ಲೂ ಬೇಡ."

"ಅದೇ ಅದೇ. ನೋಡಿ, ಹಿಂಪಡೆಯೋಕೆ ಸದನದ ಒಪ್ಪಿಗೆ ಬೇಕು. ಇವತ್ತು ಯಾರೂ ಕೊಡಲ್ಲ. ಮುಖ್ಯಮಂತ್ರಿಗಳು ಬೆಳಿಗ್ಗೇನೇ ಪತ್ರಿಕೆಯೋರಿಗೆ ಹೇಳ್ಬಿಟ್ಟಿದಾರೆ. ಈಗ ಬೇಡ ಅಂದ್ರೆ ಜನ ಏನಂದ್ಕೋತಾರೆ? ಸದಾಚಾರ ಸಾಹೇಬ್ರಿಗೆ ಏಳರ ಮೇಲೆ ಹೊರಗೇನೋ ಕೆಲಸ ಇದೆ ಅಂದ್ಕೋತಾರೆ."

ಸಾಹೇಬರು ಹಾರ ಹಾಕಿಸಿಕೊಂಡು ಹೊರಗೆ ಬಂದರು. ಅದು ಕತ್ತಿಗೆ ಹಗ್ಗದಂತೆ ಒತ್ತುತ್ತಿತ್ತು.

ಮೊಗಸಾಲೆಯ ಕೊನೆಯಲ್ಲಿ ವಿರೋಧ ಪಕ್ಷದ ನಾಯಕರ ಕೊಠಡಿ. ಸರ್ಕಾರ ಹಗಲೆಂದರೆ ಇರುಳೆನ್ನುವ ಮನುಷ್ಯ. ಹೋದ ವಾರವಷ್ಟೇ ಕುಡಿಯುವ ನೀರಿನ ಯೋಜನೆಗೂ ಅಡ್ಡ ಬಂದಿದ್ದವರು. ಬದುಕಿನಲ್ಲಿ ಮೊದಲ ಸಲ ಸಾಹೇಬರಿಗೆ ಅವರ ಮೇಲೆ ಪ್ರೀತಿ ಉಕ್ಕಿತು.

"ಅಣ್ಣಾ, ಈ ಮಸೂದೇನ ನೀವು ಹೆಂಗೂ ವಿರೋಧ ಮಾಡ್ತೀರಲ್ವಾ?" ಆಸೆಯಿಂದ ಕೇಳಿದರು.

ನಾಯಕರು ಕಣ್ಣು ಕಿರಿದು ಮಾಡಿ ನಕ್ಕರು. "ಭಾರೀ ಚಾಲಾಕಿ ನೀವು! ನಾನು ವಿರೋಧ ಮಾಡ್ಬೇಕು, ನಾಳೆ ನೀವು ಗೋಡೆ ಗೋಡೆಗೂ ಭಿತ್ತಿಪತ್ರ ಅಂಟಿಸ್ಬೇಕು, ಇವ್ರಿಗೆ ಹೆಂಡ್ತಿ ಮಕ್ಕಳು ಬೇಡ ಅಂತ. ಅಲ್ವಾ? ಆ ಗುಂಡಿಗೆ ನಾನು ಬೀಳಲ್ಲ."

"ಅಯ್ಯೋ, ಹಂಗೇನಿಲ್ಲ ಅಣ್ಣಾ..."

"ನಮ್ದು ತಿದ್ದುಪಡಿ ಇದೆ. ಏಳು ಗಂಟೆ ಸಾಲಲ್ಲ. ಆರೂವರೆ ಆಗ್ಬೇಕು. ಕುಟುಂಬದ ವಿಷಯದಲ್ಲಿ ಈ ಸರ್ಕಾರ ಅರ್ಧ ಗಂಟೆ ಹಿಂದಿದೆ ಅಂತ ಜನಕ್ಕೆ ಗೊತ್ತಾಗ್ಲಿ!"

ಸುದ್ದಿ ಮೊಗಸಾಲೆಯಲ್ಲಿ ಹರಡಿದ್ದೇ ತಡ, ಸದಸ್ಯರಿಗೆಲ್ಲ ಕುಟುಂಬದ ಮೇಲೆ ಎಲ್ಲಿಲ್ಲದ ಅಕ್ಕರೆ ಹುಟ್ಟಿಕೊಂಡಿತು. ಊಟ ಮುಗಿಯುವವರೆಗೆ ಯಾರೂ ಏಳಬಾರದೆಂದು ಒಬ್ಬರು ತಿದ್ದುಪಡಿ ತಂದರು. ಊಟವಾದ ಮೇಲೆ ಒಂದು ಗಂಟೆ ಹೆಂಡತಿಯ ಜೊತೆ ಮಾತಾಡಲೇಬೇಕೆಂದು ಇನ್ನೊಬ್ಬರು. ಅದರಲ್ಲಿ ಅರ್ಧ ಗಂಟೆಯಾದರೂ ಅವಳು ಹೇಳುವುದನ್ನು ಕೇಳಬೇಕೆಂದು ಮತ್ತೊಬ್ಬರು; ಇದು ತೀರಾ ಅತಿಯಾಯಿತೆಂದು ಕೆಲವರಿಗೆ ಅನ್ನಿಸಿದರೂ ಹೇಳುವ ಎದೆಗಾರಿಕೆ ಇರಲಿಲ್ಲ. ಪ್ರತಿಯೊಬ್ಬರೂ ಬಂದು ಸಾಹೇಬರ ಕೈ ಕುಲುಕುತ್ತಿದ್ದರು. ಪ್ರತಿ ಕುಲುಕಿಗೂ ಅವರ ಸಂಜೆ ಒಂದಿಷ್ಟು ಮೊಟಕಾಗುತ್ತಿತ್ತು.

ಆಗ ನೆನಪಾಯಿತು ನಿಯಮ. ಹೆಸರು ಕರೆದಾಗ ಮಸೂದೆ ತಂದವರು ಜಾಗದಲ್ಲಿರದಿದ್ದರೆ ಮಸೂದೆ ಬಿದ್ದುಹೋಗುತ್ತದೆ! ಸಾಹೇಬರು ಸುತ್ತ ನೋಡಿದರು, ಹೊಟ್ಟೆ ಹಿಡಿದುಕೊಂಡರು, "ಅಮ್ಮಾ" ಎಂದು ಅಲ್ಲೇ ಕುಸಿದರು.

ಅವರನ್ನು ಸದನದ ಚಿಕಿತ್ಸಾಲಯಕ್ಕೆ ಹೊತ್ತು ತಂದು ಮಲಗಿಸಿದರು. ವೈದ್ಯರು ಹೊಟ್ಟೆ ಒತ್ತಿದರು.

"ಇಲ್ಲಿ ನೋವಾ?"

"ಹೌದು."

"ಇಲ್ಲಿ?"

"ಅಲ್ಲೂ."

"ಈ ಮೊಣಕೈ?"

"ಅದಂತೂ ತುಂಬಾ."

ವೈದ್ಯರು ಇಂಥ ಹೊಟ್ಟೆನೋವುಗಳನ್ನು ಮತದಾನದ ದಿನಗಳಲ್ಲಿ ಬೇಕಾದಷ್ಟು ಕಂಡಿದ್ದರು. "ಸಂಜೆವರೆಗೂ ಅಲ್ಲಾಡ್ಬೇಡಿ" ಎಂದು ಹೇಳಿ ಹೋದರು. ಸಾಹೇಬರು ದುಪ್ಪಟಿ ಎಳೆದುಕೊಂಡು, ಇವತ್ತು ಕ್ಲಬ್ಬಿನಲ್ಲಿ ಯಾರ ಜೊತೆ ಜೋಡಿಯಾಗಬೇಕೆಂದು ಯೋಚಿಸುತ್ತ ಕಣ್ಣು ಮುಚ್ಚಿದರು.

ಆದರೆ ಅವರಿಗೊಬ್ಬ ಆಪ್ತ ಕಾರ್ಯದರ್ಶಿಯಿದ್ದ. ಸಾಹೇಬರ ಪ್ರತಿಯೊಂದು ಭಾಷಣಕ್ಕೂ ನಿಜವಾಗಿಯೂ ಕಣ್ಣೀರು ಹಾಕುತ್ತಿದ್ದ ಏಕೈಕ ಮನುಷ್ಯ. ಅವನು ಸುಮ್ಮನಿರುತ್ತಾನೆಯೇ? ಮೊಗಸಾಲೆಯ ನಡುವೆ ನಿಂತು, "ನಮ್ ಸಾಹೇಬ್ರು ಹಾಸಿಗೆ ಹಿಡಿದಿದಾರೆ, ಮಸೂದೆ ಬಿದ್ದೋಗುತ್ತೆ, ಎಲ್ರೂ ಕೈಕಟ್ಕೊಂಡು ನಿಂತಿದ್ದೀರಲ್ಲಾ!" ಎಂದು ಗೋಳಾಡಿದ. ಎಲ್ಲಿಂದಲೋ ಗಾಲಿಕುರ್ಚಿ ಬಂತು. ಸಾಹೇಬರು ಕಣ್ಣು ಬಿಟ್ಟಾಗ ಮಂಚದ ಒಂದು ಬದಿಗೆ ಸಚಿವರು, ಇನ್ನೊಂದು ಬದಿಗೆ ವಿರೋಧ ಪಕ್ಷದ ನಾಯಕರು.

"ಬೇಡ... ಡಾಕ್ಟ್ರು ಅಲ್ಲಾಡ್ಬೇಡಿ ಅಂದಿದಾರೆ..."

"ನೀವು ಅಲ್ಲಾಡೋದೇ ಬೇಡ," ಎಂದರು ನಾಯಕರು. "ನಾವು ತಳ್ತೀವಿ."

ಆಡಳಿತ ಪಕ್ಷ ಒಂದು ಹಿಡಿಯನ್ನೂ ವಿರೋಧ ಪಕ್ಷ ಇನ್ನೊಂದು ಹಿಡಿಯನ್ನೂ ಹಿಡಿದು ಒಂದೇ ದಿಕ್ಕಿಗೆ ತಳ್ಳಿದ ದೃಶ್ಯ ಆ ಕಟ್ಟಡ ಹಿಂದೆಂದೂ ಕಂಡಿರಲಿಲ್ಲ. ಬಾಗಿಲು ತೆರೆಯಿತು. ಇಡೀ ಸದನ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸಾಹೇಬರು ಹೊಟ್ಟೆ ಹಿಡಿದುಕೊಂಡೇ ಕೈ ಮುಗಿದರು. ಈಗ ನೋವು ನಿಜವಾಗಿಯೂ ಶುರುವಾಗಿತ್ತು.

ಸಭಾಧ್ಯಕ್ಷರು ಹೆಸರು ಕರೆದರು. ಸಾಹೇಬರು ಎದ್ದು ನಿಲ್ಲಬೇಕಾಯಿತು. ಬಾಯಿ ತೆರೆದರೆ ಅಭ್ಯಾಸಬಲದಿಂದ ಬೆಂಕಿಯಂಥ ಭಾಷಣವೇ ಬಂತು. "ಸಂಜೆಯ ಹೊತ್ತು ತುಂಬಿದ ಮನೆ ಯಾವ ಅರಮನೆಗೆ ಕಡಿಮೆ? ಹೆತ್ತ ತಾಯಿ, ಕೈಹಿಡಿದ ಹೆಂಡತಿ ಬಾಗಿಲಲ್ಲಿ ಕಾದಿರುವಾಗ ಗಂಡಸಿಗೆ ಹೊರಗೇನು ಕೆಲಸ?" ಎಂದು ಮೇಜು ಗುದ್ದಿದರು. ತಮ್ಮ ನಾಲಿಗೆಯನ್ನು ತಾವೇ ಕಚ್ಚಿಕೊಳ್ಳಬೇಕೆನಿಸಿತು. ಸದನ ಗದ್ಗದಿತವಾಯಿತು. ಹಿಂದಿನ ಸಾಲಿನಲ್ಲಿ ಒಬ್ಬರು ಮೂಗು ಸೀಟಿಕೊಂಡ ಸದ್ದೂ ಕೇಳಿಸಿತು.

ಸಚಿವರು ಬೆಂಬಲಿಸಿ ಮಾತಾಡಲು ಎದ್ದರು. "ಮಾನ್ಯ ಸಭಾಧ್ಯಕ್ಷರೇ, ಕುಟುಂಬವೆಂದರೆ..." ಎನ್ನುವಷ್ಟರಲ್ಲಿ ಜವಾನನೊಬ್ಬ ಬಂದು ಫೋನು ಬಂದಿದೆಯೆಂದು ಕಿವಿಯಲ್ಲಿ ಹೇಳಿದ. ಸಚಿವರು ಮಾತನ್ನು ಅಲ್ಲಿಗೇ ಬಿಟ್ಟು ಹೊರಗೆ ಹೋದರು. ಹಿಂತಿರುಗಿ ಬಂದಾಗ ಅವರ ಮುಖ ಒಗೆದು ಹಿಂಡಿದ ಬಟ್ಟೆಯ ಹಾಗಿತ್ತು. ಒಂದು ಲೋಟ ನೀರು ಕುಡಿದು ಸುಮ್ಮನೆ ಕೂತರು.

ಆಮೇಲೆ ಜವಾನ ವಿರೋಧ ಪಕ್ಷದ ನಾಯಕರ ಬಳಿಗೆ ಹೋದ. ಅವರೂ ಎದ್ದು ಹೋದರು. ತಿದ್ದುಪಡಿ ತಂದವರೂ ಒಬ್ಬೊಬ್ಬರಾಗಿ ಹೋದರು. ಯಾರು ಹೊರಗೆ ಹೋಗುವಾಗ ನಗುತ್ತಿದ್ದರೋ ಅವರು ಒಳಗೆ ಬರುವಾಗ ಬೆವರೊರೆಸಿಕೊಳ್ಳುತ್ತಿದ್ದರು. ಕೊನೆಗೆ ಜವಾನ ಪೀಠದ ಮೆಟ್ಟಿಲನ್ನೂ ಹತ್ತಿದ. ಸಭಾಧ್ಯಕ್ಷರು ಪೀಠವನ್ನು ಇನ್ನೊಬ್ಬರಿಗೆ ಒಪ್ಪಿಸಿ, ನಿಲುವಂಗಿ ಎತ್ತಿಕೊಂಡು ಬಿರಬಿರನೆ ಹೊರಟರು. ಸರ್ಕಾರವೇ ಬೀಳುತ್ತಿದೆಯೇನೋ ಎಂದು ಸಾಹೇಬರಿಗೆ ಅನುಮಾನವಾಯಿತು. ಬಿದ್ದರೂ ಚಿಂತೆಯಿಲ್ಲ, ಏಳರೊಳಗೆ ಬೀಳಲಿ ಎಂದುಕೊಂಡರು.

ಸಚಿವರು ಮತ್ತೆ ಎದ್ದರು. "ಮಾನ್ಯ ಸಭಾಧ್ಯಕ್ಷರೇ, ಮಸೂದೆ ಉದಾತ್ತವಾದದ್ದೇ. ಆದರೆ... ಇದರ ಪರಿಣಾಮಗಳನ್ನು ಸರ್ಕಾರ ಪೂರ್ತಿ ಯೋಚಿಸಿರಲಿಲ್ಲ. ಆಡಳಿತ ಪಕ್ಷ ಇದನ್ನು ವಿರೋಧಿಸುತ್ತದೆ."

ಸಾಹೇಬರಿಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ. ಅಷ್ಟರಲ್ಲಿ ವಿರೋಧ ಪಕ್ಷದ ನಾಯಕರು ಚಂಗನೆ ಎದ್ದರು. "ನಾವು ಇನ್ನೂ ತೀವ್ರವಾಗಿ ವಿರೋಧಿಸುತ್ತೇವೆ! ಒಬ್ಬ ಮನುಷ್ಯ ಎಷ್ಟು ಹೊತ್ತಿಗೆ ಮನೆಗೆ ಹೋಗಬೇಕು ಅನ್ನೋದು ಅವನ ಸ್ವಾತಂತ್ರ್ಯ! ಸರ್ಕಾರ ನಮ್ಮ ಅಡುಗೆಮನೆಗೆ ಕೈ ಹಾಕಬಾರದು!"

ಮತಕ್ಕೆ ಹಾಕಿದರು. "ಮಸೂದೆಯ ಪರ ಇರುವವರು ಹೌದು ಎನ್ನಿ."

ಸಾಹೇಬರು ಒಬ್ಬರೇ ಎದ್ದು ನಿಂತು, ಎದೆಯುಬ್ಬಿಸಿ, "ಹೌದು!" ಎಂದರು. ಇಷ್ಟು ನಿಶ್ಚಿಂತೆಯಿಂದ ಅವರು ಯಾವತ್ತೂ ಮತ ಹಾಕಿರಲಿಲ್ಲ.

"ವಿರೋಧ ಇರುವವರು?"

"ಇಲ್ಲ!" ಎಂಬ ಅಬ್ಬರಕ್ಕೆ ಕಿಟಕಿಯ ಗಾಜುಗಳು ಝಣಗುಟ್ಟಿದವು.

ಹೊರಗೆ ಪತ್ರಕರ್ತರು ಮುತ್ತಿಕೊಂಡರು. ಸಾಹೇಬರು ಕರವಸ್ತ್ರವನ್ನು ಬಾಯಿಗೆ ಒತ್ತಿ ಹಿಡಿದರು. ಇಲ್ಲದಿದ್ದರೆ ನಗು ಹೊರಗೆ ಚೆಲ್ಲುತ್ತಿತ್ತು. "ಇವತ್ತು ಸೋತಿದ್ದು ನಾನಲ್ಲ, ಕುಟುಂಬ ಸೋತಿದೆ" ಎಂದು ತೊದಲಿದರು. ಕ್ಯಾಮೆರಾಗಳು ಮಿಂಚಿದವು. ಕಾರ್ಯದರ್ಶಿ ಬಿಕ್ಕಿ ಬಿಕ್ಕಿ ಅತ್ತ. ಸಾಹೇಬರು ಅವನ ಬೆನ್ನು ತಟ್ಟಿ ಮನೆಗೆ ಕಳಿಸಿ, ಗಾಲಿಕುರ್ಚಿಯನ್ನು ಅಲ್ಲೇ ಬಿಟ್ಟು, ಮೆಟ್ಟಿಲುಗಳನ್ನು ಹುಡುಗನ ಹಾಗೆ ಇಳಿದು ಕಾರು ಹತ್ತಿದರು.

"ಕ್ಲಬ್ಬಿಗೆ ನಡಿಯಪ್ಪ" ಎಂದರು ಡ್ರೈವರಿಗೆ.

ಕ್ಲಬ್ಬಿನ ಗೇಟಿಗೆ ಬೀಗ ಬಿದ್ದಿತ್ತು. ಕಾವಲುಗಾರ ಓಡಿ ಬಂದು ಸೆಲ್ಯೂಟ್ ಹೊಡೆದ.

"ಏನಯ್ಯಾ ಇದು? ಯಾರಾದ್ರೂ ತೀರ್ಕೊಂಡ್ರಾ?"

"ಇಲ್ಲ ಸಾರ್, ನಿಮ್ಮ ಗೌರವಕ್ಕೆ!" ಕಾವಲುಗಾರನ ಮುಖ ಹೆಮ್ಮೆಯಿಂದ ಅರಳಿತು. "ಬೆಳಿಗ್ಗೆ ಸುದ್ದಿ ಕೇಳಿದ್ ತಕ್ಷಣ ಆಡಳಿತ ಮಂಡಳಿಯೋರು ಸಭೆ ಸೇರಿ ಠರಾವು ಮಾಡಿದ್ರು ಸಾರ್. ಇವತ್ತಿಂದ ದಿನಾ ಸಂಜೆ ಆರಕ್ಕೇ ಕ್ಲಬ್ ಬಂದ್. ನಮ್ಮ ಸದಸ್ಯರೇ ಇಂಥಾ ಕಾನೂನು ತಂದಿರ್ಬೇಕಾದ್ರೆ, ನಾವು ಮೊದ್ಲು ಪಾಲಿಸ್ಬೇಕು ಅಂದ್ರು."

"ಮಸೂದೆ ಬಿದ್ದೋಯ್ತಲ್ಲಯ್ಯಾ!"

"ಬಿದ್ರೆ ಏನಂತೆ ಸಾರ್? ನಿಮ್ಮ ಆದರ್ಶ ಬೀಳುತ್ತಾ?"

ಕ್ಲಬ್ಬಿನ ಜಾಗದ ಗುತ್ತಿಗೆ ಈ ವರ್ಷ ಸರ್ಕಾರದ ಮುಂದೆ ನವೀಕರಣಕ್ಕೆ ಬರಲಿತ್ತು. ಆದರ್ಶಗಳು ಹೀಗೆ ದಿಢೀರನೆ ಚಿಗುರುವುದು ಇಂಥ ವರ್ಷಗಳಲ್ಲೇ. ಸಾಹೇಬರು ಗೇಟಿನ ಸರಳುಗಳ ಸಂದಿಯಿಂದ ಹಿಂಬದಿಯ ಕೋಣೆಯ ಕತ್ತಲ ಕಿಟಕಿಯನ್ನು ಸ್ವಲ್ಪ ಹೊತ್ತು ನೋಡಿದರು.

ಕಾರಿನಲ್ಲಿ ಕೂತ ಮೇಲೆ ಬೆಳಿಗ್ಗೆ ಒದ್ದೆಯಾಗಿದ್ದ ಅಮ್ಮನ ಕಣ್ಣು ನೆನಪಿಗೆ ಬಂತು. ಮಾತಿಲ್ಲದೆ ಎದ್ದು ಹೋದ ಹೆಂಡತಿ ನೆನಪಾದಳು. ಮಸೂದೆ ಬಿದ್ದ ಸುದ್ದಿ ಕೇಳಿ ಇಬ್ಬರೂ ಮುಖ ಸಣ್ಣದು ಮಾಡಿಕೊಂಡು ಕೂತಿರಬಹುದು. ಛೇ, ಎಂಥ ಗಂಡಸು ನಾನು ಎಂದುಕೊಂಡರು. ಕಾನೂನಿಲ್ಲದಿದ್ದರೇನು, ಇವತ್ತೊಂದು ದಿನ ತಾನಾಗಿಯೇ ಹೋಗಿ ಅವರ ಪಕ್ಕ ಕೂತು ಉಣ್ಣಬಹುದಲ್ಲ! ಈ ಯೋಚನೆ ಬಂದದ್ದೇ ಅವರ ಮನಸ್ಸು ಬೆಣ್ಣೆಯಾಯಿತು. ದಾರಿಯಲ್ಲಿ ಕಾರು ನಿಲ್ಲಿಸಿ ಒಂದು ಡಬ್ಬ ಸಿಹಿ ಕೊಂಡರು. ಏಳು ಹೊಡೆಯುವಷ್ಟರಲ್ಲಿ ಮನೆ ಮುಟ್ಟಿದರು.

ಬಾಗಿಲ ಮುಂದೆ ರಾಶಿ ಚಪ್ಪಲಿ. ಪಕ್ಕದ ರಸ್ತೆಯಲ್ಲಿ ಸಾಲು ಕಾರು. ಅಮ್ಮನಿಗೇನಾದರೂ ಆಯಿತೇ? ಸಾಹೇಬರು ಬಾಗಿಲು ತಳ್ಳಿದರು. ಒಳಗಿನಿಂದ ಅಲೆಅಲೆಯಾಗಿ ನಗು ಬಂತು.

ಅಮ್ಮನಿಗೆ ಏನೂ ಆಗಿರಲಿಲ್ಲ. ಊಟದ ಮೇಜಿನ ತುದಿಯಲ್ಲಿ, ಹೆಗಲ ಮೇಲೆ ಮಗನ ಟವೆಲ್ಲು ಹಾಕಿಕೊಂಡು, ಎದೆಯುಬ್ಬಿಸಿ ನಿಂತಿದ್ದರು. ಥೇಟ್ ಮಗನ ಹಾಗೇ ಎರಡು ಸಲ ಕೆಮ್ಮಿ ಮೇಜು ಗುದ್ದಿದರು. "ಮಾನ್ಯ ಸಭಾಧ್ಯಕ್ಷರೇ! ಹುಡುಗರ ಕೂದಲು ಉದ್ದವಾದಷ್ಟೂ ದೇಶದ ಮಾನ ಗಿಡ್ಡವಾಗುತ್ತದೆ!"

"ಆರ್ಡರ್, ಆರ್ಡರ್!" ಎಂದು ಸೌಟಿನಿಂದ ಪಾತ್ರೆ ಬಡಿದವರು ಸಭಾಧ್ಯಕ್ಷರ ಹೆಂಡತಿ. ಸಚಿವರ ಹೆಂಡತಿ ನಕ್ಕು ನಕ್ಕು ಮೇಜಿನ ಮೇಲೆ ತಲೆಯಿಟ್ಟಿದ್ದರು. ವಿರೋಧ ಪಕ್ಷದ ನಾಯಕರ ಹೆಂಡತಿ ಅವರ ಬೆನ್ನು ನೀವುತ್ತಿದ್ದರು. ಮೇಜಿನ ಸುತ್ತ ಇನ್ನೂ ಎಷ್ಟೋ ಮಂದಿ, ಎಲ್ಲರ ಮುಂದೂ ಹಬೆಯಾಡುವ ತಟ್ಟೆ. ನಡುವೆ ಸಾಹೇಬರ ಹೆಂಡತಿ ಬಡಿಸುತ್ತ ಓಡಾಡುತ್ತಿದ್ದಳು. ಅವಳು ಹೀಗೆ ನಗುವುದನ್ನು ಅವರು ಮದುವೆಯ ಹೊಸದರಲ್ಲಿ ಕಂಡಿದ್ದರು.

ಅವಳೇ ಮೊದಲು ನೋಡಿದಳು. ನಗು ನಿಂತಿತು.

"ರೀ... ನೀವಾ? ಏನಾಯ್ತು? ಯಾರಿಗೇನಾಯ್ತು?"

"ಯಾರಿಗೂ ಏನಿಲ್ಲ. ಊಟಕ್ಕೆ ಬಂದೆ."

"ಊಟಕ್ಕಾ? ಇಲ್ಲಿಗಾ?"

ಸಾಹೇಬರು ಸಿಹಿಯ ಡಬ್ಬ ಹಿಡಿದುಕೊಂಡು ಸ್ವಂತ ಮನೆಯ ಹೊಸ್ತಿಲ ಮೇಲೆ ನೆಂಟರಂತೆ ನಿಂತರು. ಸಭಾಧ್ಯಕ್ಷರ ಹೆಂಡತಿ ಸೌಟು ಕೆಳಗಿಟ್ಟು ಸಮಾಧಾನದ ದನಿಯಲ್ಲಿ ಹೇಳಿದರು. "ತಪ್ಪು ತಿಳ್ಕೋಬೇಡಿ ಅಣ್ಣಾ. ನಾವು ದಿನಾ ಸೇರೋದೇ ಇಲ್ಲಿ. ನಮ್ಮನೆಯೋರು ಒಂದಿನ ಎಂಟಕ್ಕೆ ಬರ್ತಾರೆ, ಒಂದಿನ ಆರಕ್ಕೇ ಬಂದು ವಕ್ಕರಿಸ್ತಾರೆ. ನಂಬೋಕಾಗಲ್ಲ. ನಿಮ್ದೊಂದೇ ಶಿಸ್ತು. ಒಂಬತ್ತಕ್ಕೆ ಮುಂಚೆ ನೀವು ಮನೆ ಕಡೆ ತಲೆ ಹಾಕಿದ್ದೇ ಇಲ್ಲ."

"ಹಾಗಾದ್ರೆ ಮಧ್ಯಾಹ್ನ ಸದನಕ್ಕೆ ಬಂದ ಫೋನು..."

"ನಮ್ದೇ," ಎಂದರು ವಿರೋಧ ಪಕ್ಷದ ನಾಯಕರ ಹೆಂಡತಿ. "ಈ ಮಸೂದೆ ಪಾಸಾದ್ರೆ ನಾಳೆಯಿಂದ ಎರಡು ಹೊತ್ತೂ ಅಡುಗೆ ನೀವೇ ಮಾಡ್ಕೊಳ್ಳಿ ಅಂತ ಹೇಳಿದ್ವಿ. ಎಲ್ರೂ ಒಂದೇ ಮಾತು."

"ಶುರು ಮಾಡಿದ್ದು ನಾನೇ ರೀ," ಎಂದಳು ಹೆಂಡತಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವರಿಗೆ ಹೆಚ್ಚು ಚುಚ್ಚಿತು. "ಬೆಳಿಗ್ಗೆ ನೀವು ಹೇಳಿದ್ ಕೂಡ್ಲೇ ಒಳಗೆ ಹೋಗಿ ಎಲ್ರಿಗೂ ಫೋನ್ ಮಾಡ್ದೆ. ನೀವು ಪ್ರೀತಿಯಿಂದಾನೇ ಬರ್ದಿದ್ರಿ, ಗೊತ್ತು. ಆದ್ರೆ ಎಷ್ಟು ವರ್ಷ ನಿಮ್ಮ ದಾರಿ ಕಾದು ಆರಿದ ಊಟ ಮಾಡಿದೀನಿ ಗೊತ್ತಾ? ಒಂದಿನ ಇವ್ರೆಲ್ಲ ಬಂದ್ರು. ಬಿಸಿಬಿಸಿ ಉಂಡ್ವಿ. ಆಮೇಲೆ ಕಾಯೋದೇ ಮರ್ತೋಯ್ತು."

ಸಾಹೇಬರು ಮೇಜಿನ ಸುತ್ತ ಕಣ್ಣಾಡಿಸಿದರು. ಖಾಲಿ ಕುರ್ಚಿ ಒಂದೂ ಇರಲಿಲ್ಲ.

ಅಮ್ಮ ಟವೆಲ್ಲು ಸರಿ ಮಾಡಿಕೊಂಡರು. "ನೋಡು ಮಗಾ, ಬಂದಿದ್ದು ಸಂತೋಷ. ಆದ್ರೆ ಹಿಂಗೆ ಹೇಳ್ದೆ ಕೇಳ್ದೆ ಬಂದ್ರೆ ಎಲ್ರಿಗೂ ಇಕ್ಕಟ್ಟು. ಒಂದು ಕಾನೂನು ಅಂತ ಇರ್ಲಿ. ಮನೆ ಯಜಮಾನ ಒಂಬತ್ತಕ್ಕೆ ಮುಂಚೆ ಮನೆಗೆ ಬರ್ಬಾರ್ದು. ಒಪ್ಪೋರು?"

"ಹೌದು!" ಮೇಜು ಒಕ್ಕೊರಲಿನಿಂದ ಕೂಗಿತು.

"ವಿರೋಧ ಇರೋರು?"

ಸಾಹೇಬರು ಬಾಯಿ ತೆರೆದರು. ಸಭಾಧ್ಯಕ್ಷರ ಹೆಂಡತಿ ಸೌಟು ಎತ್ತಿದರು. "ಸದನದ ಸದಸ್ಯರಲ್ಲದೋರಿಗೆ ಮತ ಇಲ್ಲ. ಮಸೂದೆ ಅಂಗೀಕಾರ ಆಯ್ತು. ಸಿಹಿ ಡಬ್ಬ ಇಲ್ಲಿ ಕೊಟ್ಟು ಹೋಗಿ ಅಣ್ಣಾ."

ಡಬ್ಬ ಕೊಟ್ಟು ಸಾಹೇಬರು ಹೊರಗೆ ಬಂದರು. ಬೆನ್ನ ಹಿಂದೆ ಬಾಗಿಲು ಮುಚ್ಚಿತು, ನಗು ಮತ್ತೆ ಶುರುವಾಯಿತು. ಕಾರಿನ ಹಿಂದಿನ ಸೀಟು ಬಿಟ್ಟು ಮುಂದೆ, ಡ್ರೈವರನ ಪಕ್ಕ ಬಂದು ಕೂತರು. ಡ್ರೈವರ್ ಗಾಬರಿಯಾಗಿ ಕಾಲರ್ ಸರಿ ಮಾಡಿಕೊಂಡ.

"ನಾನು ಒಂಬತ್ತರವರೆಗೂ ಇಲ್ಲೇ ಕೂತಿರ್ತೀನಿ ಕಣಪ್ಪ. ನನ್ನ ದೆಸೆಯಿಂದ ನೀನು ಒಂದಿನಾನೂ ಹೊತ್ತಿಗೆ ಸರಿಯಾಗಿ ಮನೇಲಿ ಉಂಡಿಲ್ಲ. ಹೋಗು, ಇವತ್ತಾದ್ರೂ ಹೆಂಡ್ತಿ ಮಕ್ಕಳ ಜೊತೆ ಊಟ ಮಾಡು."

ಈ ಮಾತನ್ನು ಸಾಹೇಬರು ಮನಸಾರೆ ಹೇಳಿದ್ದರು. ಡ್ರೈವರನ ಕಣ್ಣು ಒದ್ದೆಯಾಯಿತು. ತಕ್ಷಣ ಫೋನು ತೆಗೆದು, "ಏ, ನಾನು ಊಟಕ್ಕೆ ಈಗ್ಲೇ ಬರ್ತಾ ಇದೀನಿ!" ಎಂದ.

"ಈಗ್ಲಾ? ಯಾಕೆ, ಕೆಲಸ ಹೋಯ್ತಾ?" ಎಂಬ ಹೆಣ್ಣು ದನಿ ಸಾಹೇಬರಿಗೂ ಕೇಳಿಸಿತು. "ನಮ್ಮಕ್ಕ, ಚಿಕ್ಕಮ್ಮ ಎಲ್ರೂ ಬಂದಿದಾರೆ ಕಣ್ರೀ, ಮನೇಲಿ ಕಾಲಿಡೋಕೆ ಜಾಗ ಇಲ್ಲ. ಯಾವಾಗಿನ ಹಾಗೆ ನಿಧಾನಕ್ಕೆ ಬನ್ನಿ."

ಡ್ರೈವರ್ ಫೋನು ಜೇಬಿಗಿಟ್ಟ. ಇಬ್ಬರೂ ಎದುರಿನ ರಸ್ತೆ ನೋಡುತ್ತ ಕೂತರು. ಮನೆಯ ಕಿಟಕಿಯಿಂದ ಬೆಳಕು ಬಂದು ಕಾರಿನ ಮೂತಿಯ ಮೇಲೆ ಬಿದ್ದಿತ್ತು.

"ಸಾರ್," ಎಂದ ಡ್ರೈವರ್ ಗಡಿಯಾರ ನೋಡಿ, "ಒಂಬತ್ತು ಅಂದ್ರೆ ಕರಾರುವಾಕ್ಕಾಗಿ ಒಂಬತ್ತೇನಾ? ಒಂದು ಎಂಟೂವರೆಗೆ ಹೋಗಿ ಬಾಗಿಲು ತಟ್ಟಿ ನೋಡ್ಬಹುದಾ?"

"ಕಾನೂನು ಅಂದ್ಮೇಲೆ ಕಾನೂನು ಕಣಪ್ಪ," ಎಂದರು ಸದಾಚಾರ ಸಾಹೇಬರು. ಅಡುಗೆಮನೆಯ ಘಮ ಒಳಗೆ ಬರುತ್ತಿತ್ತು. ಅವರು ತಮ್ಮ ಕಡೆಯ ಗಾಜನ್ನು ನಿಧಾನವಾಗಿ ಏರಿಸಿಕೊಂಡರು.